ಮೊದಲರ್ಧದ ಪಾಠ

"ಎದೆ ಮೇಲೆ ಇಡ್ಬೇಡ ಅಂದ್ನಲ್ಲ, ಕೊಡಿಲ್ಲಿ ಅದನ್ನ," ಎಂದು ರಾಘವ ಚಿಕ್ಕಪ್ಪ ಮತ್ತೊಮ್ಮೆ ಕೈ ಚಾಚಿದರು.

ಚೈತನ್ಯಾ ಬಿಡಲಿಲ್ಲ. ಐಸ್ ಪೆಟ್ಟಿಗೆಯ ಗಾಜಿನ ಮುಚ್ಚಳವನ್ನು ಒಂದು ಕೈಯಲ್ಲಿ ಎತ್ತಿ ಹಿಡಿದುಕೊಂಡೇ, ಇನ್ನೊಂದು ಕೈಯಲ್ಲಿದ್ದ ಡಸ್ಟರನ್ನು ಅಪ್ಪನ ಎದೆಯ ಮೇಲೆ, ತುಳಸಿಮಾಲೆಯ ಪಕ್ಕಕ್ಕೆ ಇಟ್ಟೇಬಿಟ್ಟಳು. ಮರದ ಬೆನ್ನಿನ, ಕಪ್ಪು ಬಟ್ಟೆ ಸವೆದು ಅಂಚು ಎದ್ದಿದ್ದ ಹಳೇ ಡಸ್ಟರು. ನಿವೃತ್ತಿಯ ದಿನ ಕಾಲೇಜಿನವರು ಹೊದಿಸಿದ ಶಾಲು, ಹಾಕಿದ ಹಾರ, ಕೊಟ್ಟ ಸರಸ್ವತಿ ವಿಗ್ರಹ ಎಲ್ಲವನ್ನೂ ಆಟೋದಲ್ಲಿ ಮರೆತು, ಇದೊಂದನ್ನು ಮಾತ್ರ ಜೇಬಿನಲ್ಲಿ ತುರುಕಿಕೊಂಡು ಮನೆಗೆ ಬಂದಿದ್ದರು.

"ಸೀಮೆಸುಣ್ಣದ ಧೂಳು ಕಣೇ. ಹೊಸ ಪಂಚೆ ಮೇಲೆಲ್ಲ ಬೀಳ್ತಿದೆ."

"ಬೀಳ್ಲಿ ಚಿಕ್ಕಪ್ಪ. ಜೀವಮಾನವೆಲ್ಲ ಬಿದ್ದಿದೆ, ಇವತ್ತೊಂದಿನ ಬೀಳ್ಲಿ."

ಬಸವನಗುಡಿಯ ಆ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಜಾಗದಲ್ಲಿ, ಸ್ಕೂಟರುಗಳನ್ನು ಗೋಡೆಗೆ ಒತ್ತರಿಸಿ ಮಾಡಿಕೊಂಡ ತೆರವಿನಲ್ಲಿ ಪ್ರೊಫೆಸರ್ ಶ್ರೀನಿವಾಸಮೂರ್ತಿ ಮಲಗಿದ್ದರು. ಹೆಸರು ಅಷ್ಟುದ್ದ ಇದ್ದರೂ ಅದನ್ನು ಪೂರ್ತಿ ಬಳಸುತ್ತಿದ್ದದ್ದು ಪಿಂಚಣಿ ಕಚೇರಿ ಒಂದೇ. ಮಿಕ್ಕವರಿಗೆಲ್ಲ, ಪಾಠ ಕೇಳಿದವರಿಗೂ ಕೇಳಲಾರದೆ ಹಿಂದಿನ ಬಾಗಿಲಿನಿಂದ ಜಾರಿಕೊಂಡವರಿಗೂ, ಅವರು ಶೀನಣ್ಣ ಮೇಷ್ಟ್ರು. ನಿನ್ನೆ ಗಾಂಧಿ ಬಜಾರಿನಿಂದ ಏಲಕ್ಕಿ ಬಾಳೆಹಣ್ಣು ತಂದು, ಚಿಪ್ಪನ್ನು ಮೊಳೆಗೆ ತೂಗುಹಾಕಿ, ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ಹೃದಯ ಅಂದರು ಡಾಕ್ಟರು. ಇತಿಹಾಸದ ಮೇಷ್ಟ್ರಿಗೆ ಇಷ್ಟು ಚಿಕ್ಕ ಅಂತ್ಯವೇ ಎಂದು ಯಾರಾದರೂ ಕೇಳಿದ್ದರೆ ಅವರೇ ಮೊದಲು ನಗುತ್ತಿದ್ದರು.

ಗೋಡೆಯ ಹತ್ತಿರ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ರಂಗನಾಯಕಮ್ಮ ಮಗಳನ್ನು ಸನ್ನೆ ಮಾಡಿ ಕರೆದರು. ಅತ್ತು ಅತ್ತು ಅವರ ದನಿ ಒಡೆದಿತ್ತು.

"ನೋಡು, ಆ ವಂಶಿ ಬಂದ್ರೆ ಗೇಟ್ ಒಳಗೆ ಬಿಡ್ಬೇಡ. ನಿಮ್ಮಪ್ಪನ ಜೀವ ತಿಂದಿದ್ದು ಅವನೇ. ಬೈರಯ್ಯನೋರು ಬಂದ್ರೆ ಮಾತ್ರ ನನ್ನನ್ನ ಕರಿ, ಮರೀಬೇಡ."

"ಬರ್ತಾರಾಮ್ಮ ಅವರು?"

"ಬರ್ಬೇಕು. ಇಷ್ಟು ವರ್ಷದ ಸ್ನೇಹ, ಕಡೇ ಹೊತ್ತಲ್ಲೂ ಸಿಟ್ಟು ಇಟ್ಕೊಂಡ್ರೆ ಇವರ ಆತ್ಮಕ್ಕೆ ಶಾಂತಿ ಇರತ್ತಾ? ನೀನು ಒಂದ್ಸಲ ಕೂರಿಸ್ಕೊಂಡು ಹೇಳು, ತಪ್ಪು ಇವರದ್ದಲ್ಲ ಅಂತ."

ಚೈತನ್ಯಾ ತಲೆಯಾಡಿಸಿದಳು. ಬೆಳಗಿನಿಂದ ಅವಳು ಕಾಯುತ್ತಿದ್ದದ್ದೂ ಅವರಿಬ್ಬರಿಗೇ. ಆದರೆ ಅಮ್ಮನ ಹಾಗೆ ವಂಶಿಯನ್ನು ಗೇಟಿನಿಂದ ಅಟ್ಟುವುದು ಅವಳ ಲೆಕ್ಕದಲ್ಲಿರಲಿಲ್ಲ. ಅವನ ಹತ್ತಿರ ಅಪ್ಪನದ್ದೊಂದು ವಸ್ತು ಇತ್ತು. ಹೆಣ ಎತ್ತುವ ಮುಂಚೆ ಅದನ್ನು ಕಸಿದು ಬೈರಯ್ಯನ ಕೈಗೆ ಕೊಡಬೇಕೆಂದು ಅವಳು ಹಟ ತೊಟ್ಟಿದ್ದಳು.

*

ಶೀನಣ್ಣ ಮೇಷ್ಟ್ರ ಕ್ಲಾಸಿಗೆ ಎರಡು ಅರ್ಧಗಳಿದ್ದವು. ಮಗಳು ಅನ್ನುವ ರಿಯಾಯಿತಿ ಇಲ್ಲದೆ ಅದೇ ಕಾಲೇಜಿನ ಅದೇ ಬೆಂಚಿನಲ್ಲಿ ಕೂತು ಚೈತನ್ಯಾ ಅದನ್ನು ಕಂಡಿದ್ದಳು.

ಮೊದಲರ್ಧದಲ್ಲಿ ಅವರು ಕತೆ ಹೇಳುತ್ತಿದ್ದರು. ಅದರಲ್ಲೂ ಪ್ರತಿ ವರ್ಷ ತಪ್ಪದೆ ಹೇಳುತ್ತಿದ್ದದ್ದು ಚಾಮರಾಜಪೇಟೆಯ ಒಂದು ಅಡ್ಡರಸ್ತೆಯ ಮೂಲೆಯಲ್ಲಿದ್ದ ವೀರಗಲ್ಲಿನ ಕತೆ. ಪಾಳೇಗಾರನ ಮಗ, ಬಿಳಿ ಕುದುರೆ, ಹಿಂದೆ ಅಟ್ಟಿಸಿಕೊಂಡು ಬರುವ ವೈರಿ ದಂಡು, ಎದುರಿಗೆ ತುಂಬಿದ ಕೆರೆ. ಡಸ್ಟರಿನ ಮರದ ಬೆನ್ನಿನಿಂದ ಮೇಜನ್ನು ಬಡಿದು ಕುದುರೆಯನ್ನು ಓಡಿಸುತ್ತಿದ್ದರು. ಟಕಟಕ ಟಕಟಕ. ಸದ್ದು ಹತ್ತಿರ ಬಂದಂತೆ, ದೂರ ಹೋದಂತೆ, ಕಡೆಗೆ ನೀರಿನ ಅಂಚಿಗೆ ಬಂದು ಗಕ್ಕನೆ ನಿಂತಂತೆ. ನಿದ್ದೆಗೆ ಬಂದವರೂ ಬಾಯಿ ಬಿಟ್ಟು ಕೂರುತ್ತಿದ್ದರು. ಕುದುರೆ ಹಾರುತ್ತಿತ್ತು, ವೀರ ಆಚೆ ದಡದಲ್ಲಿ ರುಂಡ ಕಳೆದುಕೊಂಡು ಬೀಳುತ್ತಿದ್ದ, ಬಿದ್ದ ಜಾಗದಲ್ಲಿ ಕಲ್ಲು ಏಳುತ್ತಿತ್ತು.

ಆಮೇಲೆ ಎರಡನೇ ಅರ್ಧ. ಮೇಷ್ಟ್ರು ಡಸ್ಟರನ್ನು ತಿರುಗಿಸಿ, ಬೋರ್ಡಿನ ಮೇಲೆ ತಾವೇ ಬರೆದಿದ್ದ ಕುದುರೆ, ಕೆರೆ, ವೀರನನ್ನು ಒಂದೊಂದಾಗಿ ಒರೆಸಿ, ಕ್ಲಾಸಿನತ್ತ ತಿರುಗುತ್ತಿದ್ದರು.

"ಈಗ ಹೇಳಿ, ಇದನ್ನ ನಿಮಗೆ ಯಾರು ಹೇಳಿದ್ರು?"

"ನೀವೇ ಸಾರ್."

"ನನಗೆ ಯಾರು ಹೇಳಿದ್ರು? ಕಲ್ಲಿನ ಮೇಲೆ ಕುದುರೆ ಇದ್ಯಾ? ಯಾರಾದ್ರೂ ಹೋಗಿ ನೋಡಿದ್ದೀರಾ? ಪಕ್ಕದ ರಸ್ತೆ ಕಣ್ರಯ್ಯ!"

ಎಲ್ಲರನ್ನೂ ಹೊರಡಿಸಿಕೊಂಡು ನಡೆದೇ ಹೋಗುತ್ತಿದ್ದರು. ಕಲ್ಲಿನ ಮೇಲೆ ಕುದುರೆಯೂ ಇರಲಿಲ್ಲ, ಪಾಳೇಗಾರನ ಮಗನೂ ಇರಲಿಲ್ಲ. ಮಳೆಗಾಳಿಗೆ ಸವೆದ ನಾಲ್ಕು ಹಸುಗಳು, ಅವುಗಳ ಮುಂದೆ ಕೋಲು ಹಿಡಿದ ಒಬ್ಬ ಬರಿಮೈ ಮನುಷ್ಯ. ಎದುರು ಮನೆಯಿಂದ ಅಂಜಮ್ಮ ಪಾನಕದ ಚೊಂಬು ಹಿಡಿದು ಬರುತ್ತಿದ್ದಳು. ಸೋಮವಾರ ಸೋಮವಾರ ಆ ಕಲ್ಲಿಗೆ ಎಣ್ಣೆ ಹಚ್ಚಿ ದೀಪ ಇಡುತ್ತಿದ್ದವಳು ಅವಳು. "ನಮ್ಮ ಹಿರೀಕ ಕಣ್ರಪ್ಪ. ಊರ ಹಸು ಕಳ್ಳರ ಪಾಲಾದಾಗ ಬಿಡಿಸ್ಕೊಳ್ಳಾಕೆ ಹೋಗಿ ಸತ್ತ. ಹಸು ಮನೆಗೆ ಬಂದ್ವು, ಅವನು ಬರ್ಲಿಲ್ಲ," ಅನ್ನುತ್ತಿದ್ದಳು. ಮೇಷ್ಟ್ರು ಹುಡುಗರ ಕಡೆ ತಿರುಗಿ, "ಬರ್ಕೊಳ್ಳಿ. ಇದನ್ನೂ ಅನುಮಾನಿಸಿ, ಆದ್ರೆ ಇದಕ್ಕೆ ಕಲ್ಲಿನ ಸಾಕ್ಷಿ ಇದೆ. ದೊಡ್ಡವರ ಕತೆ ಮೇಲೇರಿ ಕೂತ್ಕೊಂಡ್ರೆ ಕೆಳಗೆ ಸಿಕ್ಕಿಕೊಂಡಿರೋ ಸಣ್ಣವನು ಉಸಿರಾಡಲ್ಲ. ಅವನನ್ನ ಎಳೆದು ತೆಗೆಯೋದೇ ನಮ್ಮ ಕೆಲಸ," ಅನ್ನುತ್ತಿದ್ದರು.

ಆ ಅಂಜಮ್ಮನ ಮಗ ಬೈರಯ್ಯ. ವಾಣಿಜ್ಯ ತೆರಿಗೆ ಇಲಾಖೆಯಲ್ಲಿ ಗುಮಾಸ್ತನಾಗಿ ಸೇರಿ ಸೂಪರಿಂಟೆಂಡೆಂಟಾಗಿ ನಿವೃತ್ತನಾದವನು. ಕಲ್ಲಿನ ನೆಪದಲ್ಲಿ ಶುರುವಾದ ಸ್ನೇಹ ಬೆಳಗಿನ ವಾಕಿಂಗಿಗೆ ಬೆಳೆದು, ಒಬ್ಬರ ಮನೆಯ ಹಬ್ಬಕ್ಕೆ ಇನ್ನೊಬ್ಬರು ಕಾಯುವಷ್ಟಾಗಿತ್ತು.

ವಾಕಿಂಗ್ ಮುಗಿಸಿ ಇಡ್ಲಿ ತಿನ್ನುತ್ತಾ ಮೇಷ್ಟ್ರು ಜಗತ್ತನ್ನು ಬೈಯುತ್ತಿದ್ದರು. "ಟೀವಿಯವರಿಗೆ, ಪೇಪರಿನವರಿಗೆ ನನ್ನ ಮೊದಲರ್ಧ ಸಾಕು ಬೈರಯ್ಯ. ಎರಡನೇ ಅರ್ಧಕ್ಕೆ ಜಾಹೀರಾತು ಸಿಗಲ್ಲ. ಅಲ್ಲ, ಸಂಸ್ಕೃತಿ ಸಂಸ್ಕೃತಿ ಅಂತ ಬಾಯಿ ಬಡ್ಕೊಳ್ತಾರೆ, ಪಕ್ಕದ ರಸ್ತೆ ಕಲ್ಲು ನೋಡೋಕೆ ಕಾಲು ನೋಯತ್ತೆ." ಬೈರಯ್ಯ ಚಟ್ನಿ ಬಟ್ಟಲನ್ನು ಅವರ ಮುಂದೆ ಸರಿಸಿ, "ನೀವೊಬ್ರು ಇದೀರಲ್ಲ ಸಾಮಿ, ಸಾಕು," ಅನ್ನುತ್ತಿದ್ದ.

ಚೈತನ್ಯಾಳೂ ಇತಿಹಾಸದ ಮೇಡಂ ಆದಳು. ಮಲ್ಲೇಶ್ವರದ ಒಂದು ಪಿಯು ಕಾಲೇಜಿನಲ್ಲಿ ಅವಳೂ ಮೊದಲರ್ಧ ಕಟ್ಟಿ, ಎರಡನೇ ಅರ್ಧ ಒರೆಸುತ್ತಿದ್ದಳು. ಅವಳಿಗೆ ಗೊತ್ತಿದ್ದ ಪಾಠದ ರೀತಿ ಅದೊಂದೇ.

*

ಕುದುರೆ ಊರೆಲ್ಲ ಓಡಾಡಿದ್ದು ಹೋದ ವರ್ಷದ ಹಿಂದಿನ ವರ್ಷ. ಮೇಷ್ಟ್ರ ಕೊನೆಯ ಬ್ಯಾಚಿನ ವಿದ್ಯಾರ್ಥಿ ವಂಶಿ ಯೂಟ್ಯೂಬ್ ಚಾನೆಲ್ ಶುರುಮಾಡಿ, ಗುರುಗಳ ಪಾಠವನ್ನು ಮನೆಯಲ್ಲೇ ಚಿತ್ರೀಕರಿಸಿಕೊಂಡು ಹೋದ. ಹೊರಬಂದದ್ದು ಮೊದಲರ್ಧ ಮಾತ್ರ. ಬಿಳಿ ಕುದುರೆ, ಕೆರೆ, ರುಂಡ, ಡಸ್ಟರಿನ ಟಕಟಕ, ಹಿನ್ನೆಲೆಯಲ್ಲಿ ರಣಕಹಳೆ ಬೇರೆ. ಲಕ್ಷಗಟ್ಟಲೆ ಜನ ನೋಡಿದರು. ವಿ.ವಿ. ಪುರದ ತಿಂಡಿ ಬೀದಿಯಲ್ಲಿ ಅವರೆಬೇಳೆ ದೋಸೆ ಹುಯ್ಯುತ್ತಿದ್ದವನು ಹಂಚು ಬಿಟ್ಟು ಬಂದು ಮೇಷ್ಟ್ರ ಜೊತೆ ಫೋಟೋ ತೆಗೆಸಿಕೊಂಡ. ಆಟೋದವರು "ಕುದುರೆ ಮೇಷ್ಟ್ರು" ಅಂತ ಗುರುತು ಹಿಡಿದರು.

ಆಮೇಲೆ ಪರಂಪರೆ ಉಳಿಸುವ ಸಮಿತಿಯೊಂದು ಹುಟ್ಟಿಕೊಂಡಿತು. ಪಾಳೇಗಾರನ ಮಗನಿಗೆ ತಕ್ಕ ಮರ್ಯಾದೆ ಬೇಡವೆ? ಕಲ್ಲಿಗೆ ಗ್ರಾನೈಟ್ ಕಟ್ಟೆ, ಸುತ್ತ ಕಬ್ಬಿಣದ ಗ್ರಿಲ್, ಗ್ರಿಲ್ಲಿಗೆ ಬೀಗ, ಒಳಗೊಂದು ಹಿತ್ತಾಳೆ ಕುದುರೆ ಬಂದವು. ಎಣ್ಣೆ ಹಚ್ಚಿದರೆ ಶಿಲ್ಪ ಹಾಳಾಗುತ್ತದೆಂದು ಸಮಿತಿಯ ಹುಡುಗರು ಅಂಜಮ್ಮನನ್ನು ಆಚೆಯೇ ನಿಲ್ಲಿಸಿದರು. ನಮ್ಮ ಹಿರೀಕ ಅಂದಿದ್ದಕ್ಕೆ, "ಅಜ್ಜಿ, ರಾಜಮನೆತನದೋರು ಇವರು, ಪ್ರೊಫೆಸರೇ ಹೇಳಿದಾರೆ," ಅಂದು ನಕ್ಕರು. ಗ್ರಿಲ್ಲಿನ ಕಂಬದ ಮೇಲೆ ಕರಿಕಲ್ಲಿನ ಫಲಕವೂ ಬಂತು, ಅದರ ಮೇಲೆ ಮೇಷ್ಟ್ರ ಹೆಸರೂ ಬಂತು.

ಬೈರಯ್ಯ ಅಂದೇ ಇವರ ಮನೆಗೆ ಬಂದ. ಕೂರಲಿಲ್ಲ.

"ಸಾಮಿ, ನೀವು ಒಂದ್ಸಲ ಅಲ್ಲಿಗೆ ಬಂದು ನಿಂತ್ಕೊಂಡು ಒಂದು ಮಾತು ಹೇಳಿ. ಇಲ್ಲಿ ಕುದುರೆ ಇಲ್ಲ ಅಂತ. ಅಷ್ಟೇ ನಾನು ಕೇಳೋದು."

ಮೇಷ್ಟ್ರು ಕಿಟಕಿಯಾಚೆ ನೋಡುತ್ತಾ, "ಅವನು ನನ್ನ ಪಾಠ ಕತ್ತರಿಸಿಬಿಟ್ಟ ಬೈರಯ್ಯ. ಈಗ ನಾನೇನು ಹೇಳಿದ್ರೂ ಅದನ್ನೂ ಕತ್ತರಿಸ್ತಾರೆ," ಅಂದರು.

"ಕತ್ತರಿಸೋಕೆ ಅಲ್ಲಿ ಕ್ಯಾಮೆರಾ ಇರಲ್ಲ ಸಾಮಿ. ನಮ್ಮಮ್ಮ ಇರ್ತಾಳೆ."

ಮೇಷ್ಟ್ರು ಕಿಟಕಿಯ ಪರದೆ ಎಳೆದರು. ರಂಗನಾಯಕಮ್ಮನಿಗೆ ಸಂಕಟವಾಗಿ, "ಅವರೇ ನೊಂದಿದಾರೆ, ಅವರನ್ನ ಇನ್ನೂ ಯಾಕೆ ಹಿಂಸೆ ಮಾಡ್ತೀರಿ?" ಅಂದುಬಿಟ್ಟರು. ಬೈರಯ್ಯ ಚಪ್ಪಲಿ ಮೆಟ್ಟಿಕೊಂಡು ಇಳಿದುಹೋದವನು ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ. ವಾಕಿಂಗಿನ ದಾರಿಯನ್ನೂ ಬದಲಿಸಿಕೊಂಡ.

ಚೈತನ್ಯಾ ಅಪ್ಪನ ಹೆಸರಿನಲ್ಲಿ ಪತ್ರಿಕೆಗೊಂದು ಸ್ಪಷ್ಟೀಕರಣ ಬರೆದು ಕೊಟ್ಟಳು. ಅವರು ಅದರ ಅಲ್ಪವಿರಾಮಗಳನ್ನು ತಿದ್ದಿ ಫ್ರಿಜ್ಜಿನ ಮೇಲಿಟ್ಟು, "ನೋಡೋಣ," ಅಂದರು. ಆ ಕಾಗದದ ಮೇಲೆ ಹಾಲಿನ ಪ್ಯಾಕೆಟ್ಟು ಕೂತು ಕೂತು ಅಕ್ಷರಗಳೆಲ್ಲ ಕಲಸಿಹೋದವು. ಅವಮಾನದಿಂದ ಅಪ್ಪ ಕುಗ್ಗಿಹೋಗಿದ್ದಾರೆಂದು ಅವಳು ನಂಬಿದಳು. ನಂಬಿ, ಕ್ಲಾಸಿನಲ್ಲಿ, ಸ್ಟಾಫ್ ರೂಮಿನಲ್ಲಿ, ಮದುವೆಮನೆಗಳಲ್ಲಿ, ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ಬಂದಳು. ನಮ್ಮಪ್ಪನ ಮಾತು ಕತ್ತರಿಸಿದಾರೆ. ಎರಡನೇ ಅರ್ಧ ಆ ದ್ರೋಹಿ ಹತ್ರ ಇದೆ.

*

ದ್ರೋಹಿ ಬಂದಾಗ ಕೈಯಲ್ಲಿ ಗುಲಾಬಿ ಹಾರವೂ ಹೆಗಲಲ್ಲಿ ಕ್ಯಾಮೆರಾ ಚೀಲವೂ ಇದ್ದವು. ಗೇಟಿನಲ್ಲೇ ರಾಘವ ಚಿಕ್ಕಪ್ಪ ಅಡ್ಡ ನಿಂತರು.

"ಬಂದ್ಯಾ ಮಹಾರಾಯ! ಇದನ್ನೂ ಲೈವ್ ಮಾಡ್ತೀಯಾ?"

"ಇಲ್ಲ ಸರ್. ಒಂದ್ಸಲ ಮುಖ ನೋಡಿ ಹೋಗ್ತೀನಿ."

"ಚಿಕ್ಕಪ್ಪ, ಅವನು ನನ್ನ ಹತ್ರ ಬರ್ಲಿ," ಎಂದು ಚೈತನ್ಯಾ ಅವನನ್ನು ಮೆಟ್ಟಿಲಿನ ಕೆಳಗೆ, ಕರೆಂಟ್ ಮೀಟರುಗಳ ಸಾಲಿನ ಹತ್ತಿರ ಕರೆದುಕೊಂಡು ಹೋದಳು. ಅಲ್ಲಿಂದ ಅಮ್ಮನಿಗೆ ಕಾಣುತ್ತಿರಲಿಲ್ಲ.

"ಎರಡನೇ ಅರ್ಧ ಕೊಡು."

ವಂಶಿ ಹಾರವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ.

"ಅಕ್ಕ, ಇವತ್ತು ಬೇಡ."

"ಇವತ್ತೇ. ಈಗಲೇ. ಬೈರಯ್ಯ ಅಂಕಲ್ ಬಂದ್ರೆ ಅವರಿಗೆ ತೋರಿಸ್ಬೇಕು. ಆಮೇಲೆ ನಿನ್ನ ಚಾನೆಲ್‌ನಲ್ಲಿ ಹಾಕ್ತೀಯ. ಆ ಪಾಠ ಕತ್ತರಿಸಿ ನೀನು ಏನೇನು ಮಾಡ್ದೆ ಅಂತ ಗೊತ್ತಾ ನಿಂಗೆ? ಒಬ್ಬ ಮುದುಕಿ ಅವಳ ಹಿರಿಯರ ಕಲ್ಲನ್ನ ಬೀದೀಲಿ ನಿಂತು ನೋಡ್ತಾಳೆ. ನಮ್ಮಪ್ಪ ಅದೇ ಕೊರಗಲ್ಲಿ ಹೋದ್ರು. ನಾಚಿಕೆ ಆಗಲ್ವೇನೋ?"

"ಆಗತ್ತೆ ಅಕ್ಕ. ಆದ್ರೆ ನಾನು ಕತ್ತರಿಸಿಲ್ಲ."

"ಬಾಯಿಗೆ ಬಂದಂಗೆ ಮಾತಾಡ್ಬೇಡ."

"ಎರಡನೇ ಅರ್ಧ ಇಲ್ಲ. ಸರ್ ಹೇಳ್ಲೇ ಇಲ್ಲ."

ಅವಳು ಅವನ ಕೆನ್ನೆಗೆ ಹೊಡೆಯುವುದೊಂದು ಬಾಕಿ. ಅವನು ಫೋನ್ ತೆಗೆದು, ಒಂದಿಷ್ಟು ಹೊತ್ತು ಹುಡುಕಿ, ದನಿ ತಗ್ಗಿಸಿ ಅವಳ ಮುಂದೆ ಹಿಡಿದ. ರಣಕಹಳೆ ಇಲ್ಲದ, ಬಣ್ಣ ತಿದ್ದದ, ಮನೆಯ ಫ್ಯಾನಿನ ಸದ್ದಿದ್ದ ವಿಡಿಯೋ. ಅಪ್ಪನ ಕೋಣೆ. ಹಿಂದೆ ಅಮ್ಮ ಒಣಗಿಹಾಕಿದ್ದ ಟವೆಲ್ಲು. ಕುದುರೆ ಓಡಿ ಬಂದು ನೀರಿನ ಅಂಚಿನಲ್ಲಿ ನಿಂತಿತು, ಹಾರಿತು. ರುಂಡ ಬಿತ್ತು. "ಆ ರಕ್ತ ಬಿದ್ದ ಜಾಗದಲ್ಲೇ ಇವತ್ತಿಗೂ ಈ ಕಲ್ಲು ನಿಂತಿದೆ," ಅಂದರು ಅಪ್ಪ. ಜನ ನೋಡಿದ ವಿಡಿಯೋ ಅಲ್ಲಿಗೆ ಮುಗಿಯುತ್ತಿತ್ತು. ಇದು ಮುಗಿಯಲಿಲ್ಲ.

ಅಪ್ಪ ಎಂದಿನಂತೆ ಡಸ್ಟರನ್ನು ತಿರುಗಿಸಿದರು. ಪಕ್ಕಕ್ಕೆ ನಿಲ್ಲಿಸಿದ್ದ ಸಣ್ಣ ಬೋರ್ಡಿನ ಹತ್ತಿರ ಕೈ ಒಯ್ದರು. ಕೈ ಅಲ್ಲೇ ನಿಂತಿತು.

"ಸರ್, ಈಗ ಎರಡನೇ ಅರ್ಧ?" ವಂಶಿಯ ದನಿ.

"ಯಾರು ನೋಡ್ತಾರಪ್ಪ ಅದನ್ನ?"

"ರೆಕಾರ್ಡಿಂಗ್ ಆಗ್ತಿದೆ ಸರ್, ಹೇಳಿ. ಅಂಜಮ್ಮನ ಮನೇಗೂ ಹೋಗಿ ಶೂಟ್ ಮಾಡೋಣ ಅಂದಿದ್ರಿ."

ಅಪ್ಪ ಬೋರ್ಡಿನ ಮೇಲಿನ ಕುದುರೆಯನ್ನು ಬಹಳ ಹೊತ್ತು ನೋಡಿದರು. "ಬೇಡ ಬಿಡು. ಚೆನ್ನಾಗಿ ಬಂದಿದೆ. ಇಷ್ಟಕ್ಕೇ ನಿಲ್ಲಿಸು." ಡಸ್ಟರನ್ನು ಮೇಜಿನ ಮೇಲೆ ಮಗುಚಿ ಇಟ್ಟು, ಕ್ಯಾಮೆರಾದ ತೀರ ಹತ್ತಿರ ಬಂದು ಬಗ್ಗಿದರು. ಮುಖದ ತುಂಬ ನಗು. ಮಗಳು ಅದನ್ನು ಕಂಡು ಎಷ್ಟೋ ಕಾಲವಾಗಿತ್ತು.

"ಕುದುರೆ ಸದ್ದು ಸರಿಯಾಗಿ ಕೇಳಿಸ್ತಾ?"

ವಿಡಿಯೋ ಅಲ್ಲಿಗೆ ನಿಂತಿತು. ಚೈತನ್ಯಾ ಇನ್ನೊಮ್ಮೆ ಹಾಕು ಅನ್ನಲಿಲ್ಲ. ಮೀಟರುಗಳ ಕೆಂಪು ದೀಪ ಮಿಣುಕುವುದನ್ನೇ ನೋಡುತ್ತಾ ನಿಂತಳು. ಸತ್ತವರ ಮೇಲೆ ಇಷ್ಟು ಸಿಟ್ಟು ಬರಬಹುದೆಂದು ಅವಳಿಗೆ ಗೊತ್ತಿರಲಿಲ್ಲ.

"ಗಲಾಟೆ ಆದ್ಮೇಲೆ ಸರ್ ಫೋನ್ ಮಾಡಿದ್ರು," ಅಂದ ವಂಶಿ. "ಮನೇಲಿ ನೀನು ಕತ್ತರಿಸ್ದೆ ಅಂತ ಹೇಳಿಬಿಟ್ಟಿದೀನಿ ಕಣೋ, ಬೇಜಾರು ಮಾಡ್ಕೋಬೇಡ ಅಂದ್ರು. ನಾನು ಹೂಂ ಅಂದೆ. ನಾನೂ ಸಾಚಾ ಅಲ್ಲ ಅಕ್ಕ, ನನ್ನ ಚಾನೆಲ್ ನಿಂತಿರೋದೇ ಆ ಕುದುರೆ ಮೇಲೆ. ಅದಕ್ಕೇ ಒಂದು ಮಾತು ಹೇಳ್ತೀನಿ. ಇದು ಹೀಗೇ ಇರ್ಲಿ. ಬೈರಯ್ಯನೋರು ಬಂದ್ರೆ ಅವರ ಕಾಲಿಗೆ ಬೀಳ್ತೀನಿ. ನಾನೇ ಕತ್ತರಿಸಿದ್ದು, ಮಿಕ್ಕಿದ್ದು ಅಳಿಸಿಹೋಯ್ತು ಅಂತೀನಿ. ಸರ್ ಹೆಸರು ಉಳಿಯತ್ತೆ."

"ನಿಂಗೇನು ಸಿಗತ್ತೆ?"

"ಏನೂ ಇಲ್ಲ. ಈಗಲೂ ಬೈಸ್ಕೋತಾನೇ ಇದೀನಲ್ಲ."

ಅವನು ಹಾರ ಹಾಕಿ, ಗಾಜಿನ ಮೇಲೆ ಹಣೆ ಇಟ್ಟು ನಮಸ್ಕಾರ ಮಾಡಿ, ಗೇಟಿನ ಹತ್ತಿರ ಕಾಯುತ್ತಾ ನಿಂತ. ಕ್ಯಾಮೆರಾ ಚೀಲದ ಜಿಪ್ಪು ತೆಗೆಯಲೇ ಇಲ್ಲ.

*

"ಅವನನ್ನ ಯಾಕೆ ಒಳಗೆ ಬಿಟ್ಟೆ?" ರಂಗನಾಯಕಮ್ಮ ಮಗಳ ಮುಖ ನೋಡಿದರು. "ಕೊಟ್ನಾ ಆ ಇನ್ನೊಂದು ಅರ್ಧ?"

ಚೈತನ್ಯಾ ಅಮ್ಮನ ಕಾಲ ಹತ್ತಿರ ನೆಲದ ಮೇಲೆ ಕೂತಳು. "ಅಮ್ಮ, ಅಪ್ಪ ಆ ವಿಡಿಯೋ ನೋಡ್ತಿದ್ರಾ ಮನೇಲಿ?"

"ದಿನಾ ನೋಡೋರು. ಬೆಳಗ್ಗೆ ಕಾಫಿ ಲೋಟ ಕೈಗೆ ಬಂದ ತಕ್ಷಣ ಅದೇ. ಕೆಳಗೆ ಜನ ಏನೇನು ಬರೆದಿದಾರೆ ಅಂತ ಓದೋರು. ಸಂಕಟಕ್ಕೆ ನೋಡ್ತಾರೆ ಪಾಪ ಅಂತ ನಾನು ಮಾತಾಡಿಸ್ತಾನೇ ಇರ್ಲಿಲ್ಲ." ಹೇಳುತ್ತ ಹೇಳುತ್ತ ರಂಗನಾಯಕಮ್ಮನ ದನಿ ನಿಧಾನವಾಯಿತು. ಅವರು ಗೇಟಿನ ಹತ್ತಿರ ತಲೆ ತಗ್ಗಿಸಿ ನಿಂತಿದ್ದ ವಂಶಿಯನ್ನು ನೋಡಿದರು, ಐಸ್ ಪೆಟ್ಟಿಗೆಯನ್ನು ನೋಡಿದರು. "ಯಾಕೆ ಕೇಳ್ದೆ?"

ಚೈತನ್ಯಾ ಹೇಳಿಬಿಡಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಗೇಟಿನಲ್ಲಿ ಬೈರಯ್ಯ ಕಾಣಿಸಿದ. ಇಸ್ತ್ರಿ ಮಾಡಿದ ಬಿಳಿ ಶರಟು, ಕೈಯಲ್ಲಿ ಬಾಳೆಲೆಯಲ್ಲಿ ಸುತ್ತಿದ ಸುಗಂಧರಾಜದ ಹಾರ. ಮೊದಲಿಗಿಂತ ಸೊರಗಿದ್ದ. ಅವನನ್ನು ಕಂಡದ್ದೇ ವಂಶಿ ಮುಂದೆ ಬಂದ. ಚೈತನ್ಯಾ ಧಾವಿಸಿ ಇಬ್ಬರ ನಡುವೆ ನಿಂತಳು.

"ಚೈತನ್ಯಮ್ಮ, ಬರ್ಬೇಕೋ ಬೇಡ್ವೋ ಅಂತ ಬೆಳಗಿಂದ ಹೊಯ್ದಾಡ್ದೆ," ಅಂದ ಬೈರಯ್ಯ. "ನಮ್ಮಮ್ಮನೇ ಕಳಿಸಿದ್ಲು. ಮೇಷ್ಟ್ರು ಬಾಯಲ್ಲಿ ಅಂಥ ಮಾತು ಬರಾಕಿಲ್ಲ, ನಮ್ಮನೆ ಪಾನಕ ಕುಡಿದವರು, ಯಾರೋ ಕೇಡಿಗ್ರು ಕತ್ತರಿಸವ್ರೆ, ಅವರ ಮಗಳೇ ಹೇಳಿದಾಳಲ್ಲ, ನೀನು ಸಿಟ್ಟು ಬಿಟ್ಟು ಹೋಗು ಅಂದ್ಲು. ಅವಳಿಗೆ ನಿಮ್ಮ ಮಾತು ಅಂದ್ರೆ ಮುಗೀತು. ನಾನೇ ತಪ್ಪು ತಿಳ್ಕೊಂಡೆ ಕಣಮ್ಮ. ಎರಡು ವರ್ಷ ಅವರ ಮುಖ ನೋಡ್ಲಿಲ್ಲ."

ಅವನ ಕಣ್ಣು ತುಂಬಿತ್ತು. ಹಿಂದಿನಿಂದ ವಂಶಿ, "ಸರ್, ಅದು ನಾನೇ..." ಎಂದು ಶುರುಮಾಡಿದ.

"ಸುಮ್ನಿರು," ಅಂದಳು ಚೈತನ್ಯಾ.

ಸುಮ್ಮನಿರುವುದು ಎಷ್ಟು ಸುಲಭವಿತ್ತು. ಒಂದು ನಿಟ್ಟುಸಿರು ಬಿಟ್ಟು, ಬನ್ನಿ ಅಂಕಲ್ ಎಂದು ಕೈ ಹಿಡಿದು ಒಳಗೆ ಕರೆದೊಯ್ದಿದ್ದರೆ ಆಯಿತು. ಅಪ್ಪನ ಹೆಸರು ಉಳಿಯುತ್ತಿತ್ತು, ಅಮ್ಮನಿಗೆ ಸಮಾಧಾನ, ಈ ಮನುಷ್ಯನಿಗೂ ಸಮಾಧಾನ. ಒಳ್ಳೆಯ ಕತೆ, ಎಲ್ಲರೂ ಬಾಯಿ ಬಿಟ್ಟು ಕೇಳುವಂಥದ್ದು. ಅಪ್ಪನೂ ಹೀಗೇ ಒಂದು ಕ್ಷಣ ನಿಂತಿರಬೇಕು, ಕೈಯಲ್ಲಿ ಡಸ್ಟರು ಹಿಡಿದು.

"ಅಂಕಲ್, ಯಾರೂ ಕತ್ತರಿಸಿಲ್ಲ," ಅಂದಳು. "ಎರಡನೇ ಅರ್ಧ ಇಲ್ವೇ ಇಲ್ಲ. ಇವನು ಹೇಳಿ ಅಂತ ಕೇಳಿದ್ದ. ಅಪ್ಪ ಬೇಡ ಅಂದ್ರು. ನಾನು ಈಗ್ತಾನೇ ನೋಡ್ದೆ. ನಿಮಗೆ, ನಮಗೆ, ಎಲ್ರಿಗೂ ಸುಳ್ಳು ಹೇಳಿದ್ರು. ನಾನು ಅದನ್ನೇ ನಂಬ್ಕೊಂಡು ಊರಿಗೆಲ್ಲ ಹೇಳ್ದೆ."

ಬೈರಯ್ಯನಿಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದ ಮೇಲೂ ಅವನು ಕೂಗಾಡಲಿಲ್ಲ. ದೂರದಿಂದಲೇ ಐಸ್ ಪೆಟ್ಟಿಗೆಯ ಕಡೆ ನೋಡಿದ. ಗಾಜಿನ ಮೇಲೆ ಮಂಜು ಕಟ್ಟಿ ಮುಖ ಕಾಣಿಸುತ್ತಿರಲಿಲ್ಲ.

"ಈಗ ನಮ್ಮಮ್ಮನಿಗೆ ಏನು ಹೇಳ್ಲಿ?" ಅಂದ.

ಬೈರಯ್ಯ ಹಾರವನ್ನು ಬಾಳೆಲೆಯಲ್ಲಿ ಮತ್ತೆ ಸುತ್ತಿಕೊಂಡು, ಬಂದ ದಾರಿಯಲ್ಲೇ ಹೊರಟುಹೋದ.

"ಹಾರ ತಂದು ವಾಪಸ್ ತಗೊಂಡ್ ಹೋದ್ನಲ್ಲೇ!" ಎಂದು ರಾಘವ ಚಿಕ್ಕಪ್ಪ ಬೆರಗಾದರು. ರಂಗನಾಯಕಮ್ಮ ಕುರ್ಚಿಯಿಂದ ಎದ್ದು ಬಂದು ಮಗಳ ಹಿಂದೆಯೇ ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ನಿಮ್ಮಪ್ಪ ಮನೆ ಬಿಟ್ಟು ಹೊರಡೋವರೆಗಾದ್ರೂ ಬಾಯಿ ಮುಚ್ಕೊಂಡಿರ್ಬಾರ್ದಿತ್ತಾ ನೀನು?" ಅಂದರು. ಆಮೇಲೆ, ಯಾರಿಗೂ ಅಲ್ಲ ಅನ್ನುವಂತೆ, "ನಾನು ಎರಡು ವರ್ಷ ಆ ಹುಡುಗನಿಗೆ ಶಾಪ ಹಾಕಿದೀನಿ," ಅಂದರು.

ಪುರೋಹಿತರು ಅವಸರ ಮಾಡಿದರು. ಬಾಯಿಗೆ ಅಕ್ಕಿ ಹಾಕುವ ಶಾಸ್ತ್ರಕ್ಕೆ ಒಬ್ಬೊಬ್ಬರೇ ಬಂದರು. ರಂಗನಾಯಕಮ್ಮನ ಸರದಿ ಬಂದಾಗ ಅವರು ಅಕ್ಕಿಯನ್ನು ಮುಷ್ಟಿಯಲ್ಲೇ ಹಿಡಿದು ಗಂಡನ ಮುಖ ನೋಡುತ್ತಾ ನಿಂತುಬಿಟ್ಟರು. "ಹಾಕಿ ಅಮ್ಮಾ," ಅಂದರು ಪುರೋಹಿತರು. "ಒಂದು ಮಾತು ನನಗಾದ್ರೂ ಹೇಳ್ಬೋದಿತ್ತು," ಅಂದರು ರಂಗನಾಯಕಮ್ಮ, ಅಕ್ಕಿ ಹಾಕಿದರು. ದೇಹವನ್ನು ವ್ಯಾನಿಗೆ ಎತ್ತುವಾಗ ಚೈತನ್ಯಾ ಎದೆಯ ಮೇಲಿದ್ದ ಡಸ್ಟರನ್ನು ತೆಗೆದುಕೊಂಡಳು. ಚಿಕ್ಕಪ್ಪ ತಮ್ಮ ಮಾತು ಗೆದ್ದಿತೆಂದು ತಲೆಯಾಡಿಸಿದರು.

*

ಚಾಮರಾಜಪೇಟೆಯ ಸ್ಮಶಾನಕ್ಕೆ ಹೋಗುವ ದಾರಿ ಆ ಅಡ್ಡರಸ್ತೆಯ ಬಾಯಲ್ಲೇ ಹಾದುಹೋಗುತ್ತದೆ. ಗಂಡುಮಕ್ಕಳಿಲ್ಲದ ಮನೆ, ಕೊಳ್ಳಿ ಇಡುವವಳು ಚೈತನ್ಯಾಳೇ. ಮುಂದಿನ ಸೀಟಿನಲ್ಲಿ ಡಸ್ಟರನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮೂಲೆಯ ಹತ್ತಿರ ಬಿಳಿ ಶರಟು ಕಂಡಿತು.

"ಇಲ್ಲಿ ನಿಲ್ಲಿಸಿ."

"ನಿಲ್ಸೋ ಹಂಗಿಲ್ಲ ಮೇಡಂ, ಹಿಂದೆ ಬಸ್ ಇದೆ."

"ನಿಲ್ಲಿಸಿ ಅಂದೆ."

ಬೀಗ ಹಾಕಿದ ಗ್ರಿಲ್ಲಿನ ಮುಂದೆ ಬೈರಯ್ಯ ನಿಂತಿದ್ದ. ಕಂಬಿಗಳ ನಡುವೆ ತೋಳನ್ನು ಹೆಗಲತನಕ ತೂರಿಸಿ, ಸುಗಂಧರಾಜದ ಹಾರವನ್ನು ಕಲ್ಲಿಗೆ ಹಾಕಲು ಹೆಣಗುತ್ತಿದ್ದ. ನಡುವೆ ಹಿತ್ತಾಳೆ ಕುದುರೆ ಅಡ್ಡ ಇತ್ತು. ಅವನ ಕೈ ಅದರ ಬೆನ್ನಿನತನಕ ಮಾತ್ರ ಹೋಗುತ್ತಿತ್ತು. ಎದುರು ಮನೆಯ ಹೊಸಿಲಲ್ಲಿ ಅಂಜಮ್ಮ ಕೂತು, ಕಣ್ಣಿಗೆ ಕೈ ಅಡ್ಡ ಹಿಡಿದು ವ್ಯಾನಿನ ಕಡೆ ನೋಡುತ್ತಿದ್ದಳು. ಅವನು ಅವಳಿಗೆ ಏನು ಹೇಳಿದ್ದನೋ, ಹೇಳಿದ್ದನೋ ಇಲ್ಲವೋ ಗೊತ್ತಾಗಲಿಲ್ಲ. ವ್ಯಾನಿನಲ್ಲಿರುವುದು ಯಾರೆಂದು ಗೊತ್ತಾದಾಗ ಅವಳು ಎರಡೂ ಕೈ ಎತ್ತಿ ಮುಗಿದಳು.

ಚೈತನ್ಯಾ ಇಳಿದು ನೇರವಾಗಿ ಕಂಬದ ಹತ್ತಿರ ಹೋದಳು. ಕರಿ ಗ್ರಾನೈಟಿನ ಫಲಕ ಅವಳ ಎದೆಯ ಎತ್ತರಕ್ಕಿತ್ತು. ಬಂಗಾರದ ಬಣ್ಣ ಆಗಲೇ ಉದುರಿ, ಅಕ್ಷರಗಳು ಕಲ್ಲಿನ ಕಪ್ಪಿನಲ್ಲೇ ಸೇರಿಹೋಗಿದ್ದವು. ಹತ್ತಿರ ಹೋದವರಿಗೆ ಮಾತ್ರ ಕಾಣುತ್ತಿತ್ತು. ಈ ವೀರನ ಚರಿತ್ರೆಯನ್ನು ದೃಢಪಡಿಸಿದವರು ಇತಿಹಾಸ ತಜ್ಞ ಪ್ರೊ. ಶ್ರೀನಿವಾಸಮೂರ್ತಿ.

ಅವಳು ಡಸ್ಟರನ್ನು ತಿರುಗಿಸಿ ಒರೆಸತೊಡಗಿದಳು. ಕ್ಲಾಸಿನಲ್ಲಿ ಒರೆಸುವ ಹಾಗೆ, ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ, ತೋಳು ನೋಯುವಷ್ಟು ಒತ್ತಿ. ವ್ಯಾನಿನವನು ಹಾರನ್ ಒತ್ತಿದ. ಬಸ್ಸಿನವರು ಬೈದರು. ರಾಘವ ಚಿಕ್ಕಪ್ಪ ಹಿಂದಿನಿಂದ ಅವಳ ಹೆಸರು ಹಿಡಿದು ಕೂಗುತ್ತಿದ್ದರು. ಅವಳು ನಿಲ್ಲಿಸಲಿಲ್ಲ.

"ಬಿಡಮ್ಮ," ಎಂದು ಬೈರಯ್ಯ ಗ್ರಿಲ್ಲಿನಿಂದ ತೋಳು ಹೊರಗೆಳೆದುಕೊಂಡು ಹತ್ತಿರ ಬಂದ. "ಅದು ಕೆತ್ತಿರೋದು."

ಆಗ ಅವಳ ಕೈ ನಿಂತಿತು. ಬಟ್ಟೆಯಲ್ಲಿ ವರ್ಷಗಳಿಂದ ಕೂತಿದ್ದ ಸೀಮೆಸುಣ್ಣದ ಧೂಳು ಅಕ್ಷರಗಳ ಸಂದಿಗೆಲ್ಲ ಇಳಿದಿತ್ತು. ಕರಿಕಲ್ಲಿನ ಮೇಲೆ ಅವಳ ಅಪ್ಪನ ಹೆಸರು, ಎದುರು ಹೊಸಿಲಲ್ಲಿ ಕೂತವರಿಗೂ ಕಾಣುವಷ್ಟು ಬೆಳ್ಳಗೆ ಎದ್ದು ನಿಂತಿತ್ತು.